ಅನುಮಾನಕ್ಕೆ ಎರಡು ಪದ

ಐಮಂಗಲ
12-2-1974, ಮಂಗಳವಾರ

ಪ್ರೀತಿಯ ಸಿದ್ದುವಿನ ಅಪ್ಪನವರಿಗೆ,

ನಿಮ್ಮ ಏಕಾಂತಮ್ಮ ಮಾಡುವ ನಮಸ್ಕಾರಗಳು. ನಿಮ್ಮ ಹೊಟ್ಟೆನೋವು ಹೇಗಿದೆ? ಗಯಾದಲ್ಲಿ ಚಳಿ ಇಳಿಯಿತೇ? ಅಲ್ಲಿಯ ಅಡಿಗೆ ಒಗ್ಗುತ್ತಿಲ್ಲ ಎಂದು ಬರೆದಿದ್ದಿರಿ. ಅದನ್ನು ಓದಿ ಹೇಳಿದಾಗಿನಿಂದ ಅತ್ತೆಯವರು ತಟ್ಟೆಯ ಮುಂದೆ ಕೂತಾಗಲೆಲ್ಲ ‘ಹಾಲಪ್ಪ ಅಲ್ಲಿ ಏನು ಉಣ್ತಾನೋ’ ಎನ್ನುತ್ತಾರೆ. ಆದರೂ ಅವರಿಗೆ ಹೆಮ್ಮೆಯೇ. ಬಿಹಾರದ ಮಕ್ಕಳಿಗೆ ಸಿಡುಬು ಬರದಂತೆ ದಾಕು ಹಾಕಲು ಸರ್ಕಾರದವರು ನನ್ನ ಮಗನನ್ನೇ ಕರೆಸಿಕೊಂಡಿದ್ದಾರೆ ಎಂದು ಬೀದಿಗೆಲ್ಲ ಹೇಳಿ ಮುಗಿಸಿದ್ದಾರೆ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ಅಭ್ಯಾಸದ ಮೇಲೆ ಕೈ ಹೊರಟಿತ್ತು. ತಡೆದೆ.

ಸಿದ್ದುವಿಗೆ ಗುರುವಾರ ಜ್ವರ ಬಂತು. ವರ್ಷದ ಕೂಸು, ಹಲ್ಲು ಬರುವ ಜ್ವರವಿರಬೇಕು ಎಂದುಕೊಂಡೆವು. ಶನಿವಾರ ಬೆಳಿಗ್ಗೆ ಅಂಗಿ ಬಿಚ್ಚಿದರೆ ಬೆನ್ನ ಮೇಲೆ ಏಳೆಂಟು ಗುಳ್ಳೆ. ಅತ್ತೆಯವರು ಒಂದು ಸಲ ನೋಡಿದರು, ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದರು. ‘ಅಮ್ಮ ಬಂದಾಳೆ. ಬಾಯಿ ಬಿಡಬ್ಯಾಡ, ಒಗ್ಗರಣೆ ಹಾಕಬ್ಯಾಡ’ ಎಂದವರೇ ಹಿತ್ತಲಿನಿಂದ ಬೇವಿನ ಸೊಪ್ಪು ತಂದು ತೊಟ್ಟಿಲಿಗೆ ಕಟ್ಟಿದರು. ಹೊರಬಾಗಿಲಿಗೂ ಕಟ್ಟಲು ಹೋದಾಗ ನಾನು ಅಡ್ಡ ನಿಂತೆ. ಊರಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಇಂದಿಗೆ ನಾಲ್ಕನೇ ದಿನ. ನಾನು ನಿದ್ದೆಗೆಟ್ಟು ನಾಲ್ಕು ದಿನವಾಯಿತು ಎಂದೂ ಹೇಳಬಹುದು. ಕಣ್ಣು ಮುಚ್ಚಿದರೆ ಹೈವೇ ಮೇಲಿನ ಲಾರಿಗಳು ನನ್ನ ತಲೆಯೊಳಗೇ ಗೇರು ಬದಲಿಸುತ್ತವೆ.

ನೀವು ಟ್ರಂಕಿನಲ್ಲಿ ಬಿಟ್ಟುಹೋದ ಸಿಡುಬಿನ ಇಂಗ್ಲಿಷ್ ಕೈಪಿಡಿಯನ್ನು ತೆಗೆದು ಓದಿದೆ. ಬಿ.ಎ.ಯಲ್ಲಿ ನಮಗೆ ಒಂದೇ ಥರ ಕಾಣುವ ಎರಡು ಇಂಗ್ಲಿಷ್ ಪದ ಕೊಟ್ಟು ವ್ಯತ್ಯಾಸ ಬರೆಯಿರಿ ಎಂದು ಕೇಳುತ್ತಿದ್ದರು. ಅದರಲ್ಲಿ ನಾನು ಅರ್ಧ ಅಂಕವನ್ನೂ ಬಿಟ್ಟವಳಲ್ಲ. ಸ್ಮಾಲ್‌ಪಾಕ್ಸ್, ಚಿಕನ್‌ಪಾಕ್ಸ್ ಎಂಬ ಜೋಡಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಹೆಸರಿನಲ್ಲಿ ಸಣ್ಣದು ಎಂದಿರುವುದೇ ಕೊಲ್ಲುವ ಸಿಡುಬು. ಕೋಳಿಯ ಹೆಸರಿನದು ಹತ್ತು ದಿನ ಇದ್ದು ಹೋಗುವಂಥದ್ದು. ನಮ್ಮ ಬೀದಿಯವರಿಗೆ ಎರಡೂ ಅಮ್ಮನೇ, ಇವರಿಗೇನು ತಿಳಿಯುತ್ತದೆ ಎಂದುಕೊಂಡು ಪುಸ್ತಕದಲ್ಲೇ ಮುಖವಿಟ್ಟು ಕೂತೆ. ಸಿಡುಬಾದರೆ ಗುಳ್ಳೆಗಳೆಲ್ಲ ಒಂದೇ ಸಲ ಎದ್ದು ಒಂದೇ ಹದದಲ್ಲಿ ಬಲಿಯುತ್ತವಂತೆ. ಮುಖ, ಕೈಕಾಲು, ಅಂಗೈ, ಅಂಗಾಲಿನಲ್ಲಿ ಹೆಚ್ಚಂತೆ. ಇನ್ನೊಂದಾದರೆ ಕಂತುಕಂತಾಗಿ ಬರುತ್ತದಂತೆ, ಎದೆ ಬೆನ್ನಿನ ಮೇಲೆ ಹೆಚ್ಚಂತೆ. ಸಿದ್ದುವಿಗೆ ಬೆನ್ನಿನ ಮೇಲೇ ಹೆಚ್ಚು. ಅಬ್ಬಾ ಎಂದು ಉಸಿರು ಬಿಟ್ಟೆ. ನಿನ್ನೆ ಅವನ ಎಡ ಅಂಗೈಯಲ್ಲಿ ಒಂದು ಎದ್ದಿದೆ. ಒಂದೇ ಒಂದು. ಅವನು ಮುಷ್ಟಿ ಕಟ್ಟಿಕೊಂಡು ಮಲಗುತ್ತಾನೆ, ನಾನು ಬೆರಳು ಬಿಡಿಸಿ ನೋಡುತ್ತೇನೆ, ಅವನು ಅಳುತ್ತಾನೆ, ಅತ್ತೆ ನನ್ನನ್ನು ಬೈಯುತ್ತಾರೆ.

ಆ ಪ್ರಶ್ನೆಪತ್ರಿಕೆಯಲ್ಲಿದ್ದ ಇನ್ನೊಂದು ಜೋಡಿ ಈಗ ನನ್ನ ಬೆನ್ನು ಹತ್ತಿದೆ. ಡೌಟ್ ಮತ್ತು ಸಸ್ಪೆಕ್ಟ್. ಕನ್ನಡದಲ್ಲಿ ಎರಡಕ್ಕೂ ಅನುಮಾನ ಎಂದು ಹೇಳಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಇರಲಾರದು ಎಂದು ಮನಸ್ಸು ವಾಲಿದರೆ ಡೌಟ್. ಇದ್ದೇ ಇರಬೇಕು ಎಂದು ವಾಲಿದರೆ ಸಸ್ಪೆಕ್ಟ್. ಇದು ಸಿಡುಬೆಂಬುದನ್ನು ಅವನ ಬೆನ್ನು ನೋಡಿ ಡೌಟ್ ಮಾಡುತ್ತೇನೆ, ಅಂಗೈ ನೋಡಿ ಸಸ್ಪೆಕ್ಟ್ ಮಾಡುತ್ತೇನೆ. ನಿಮ್ಮನ್ನೂ ಬಿಟ್ಟಿಲ್ಲ, ಮುಚ್ಚಿಡುವುದೇಕೆ? ಮಾವನವರ ವರ್ಷದ ಪೂಜೆಗೆಂದು ನೀವು ಕಳೆದ ತಿಂಗಳು ಇಪ್ಪತ್ತಮೂರಕ್ಕೆ ಗಯಾದಿಂದ ಬಂದಿರಿ. ಹಾಸಿಗೆ ಸುರುಳಿಯನ್ನು ಮಂಚದ ಮೇಲೇ ಇಟ್ಟಿರಿ. ಸ್ನಾನಕ್ಕೆ ನೀರು ಕಾಯುವ ತನಕ ಸಿದ್ದುವನ್ನು ತೊಡೆಯ ಮೇಲೆ ಕೂರಿಸಿಕೊಂಡಿರಿ, ಅವನು ನಿಮ್ಮ ಕೋಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡ. ಅಲ್ಲಿ ಬಟ್ಟೆಯನ್ನು ಕುದಿಸಿ ಹೊರಟಿರಾ ಎಂದು ಕೇಳಿದ್ದಕ್ಕೆ ಹೂಂ ಎಂದಿರಿ. ಆ ಹೂಂ ಎಂಥದ್ದು? ನಿಜವಾಗಿ ಕುದಿಸಿದ್ದಿರಾ, ದಣಿದು ಬಂದವರು ನನ್ನ ಬಾಯಿ ಮುಚ್ಚಿಸಲು ಅಂದಿರಾ? ನೀವು ಬಂದ ದಿನದಿಂದ ಅವನಿಗೆ ಜ್ವರ ಬಂದ ದಿನದವರೆಗೆ ಎಣಿಸಿದೆ. ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಇನ್ನು ಗಂಗಕ್ಕ. ಗೋಡೆ ಒಂದೇ ಆದ ಮನೆ, ಅವಳ ಐದು ವರ್ಷದ ನಿಂಗಿ ನಮ್ಮ ಸಿದ್ದುವನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ನಿಮಗೆ ಗೊತ್ತೇ ಇದೆ. ಜನವರಿಯಲ್ಲಿ ಒಂದು ವಾರಕ್ಕೂ ಮಿಕ್ಕಿ ಆ ಮನೆಯಿಂದ ಒಗ್ಗರಣೆಯ ವಾಸನೆ ಬರಲಿಲ್ಲ. ಕುರಿ ಮಂದೆಯ ಜೊತೆ ಗಂಡ ಹೊರಗಿದ್ದಾನೆ, ತಾಯಿ ಮಗಳಿಬ್ಬರಿಗೆ ಏನು ಅಡಿಗೆ ಎಂದುಕೊಂಡು ಸುಮ್ಮನಿದ್ದೆ. ಈಗ ಕೂತು ಯೋಚಿಸಿದರೆ ಆಗ ನಿಂಗಿಯೂ ಹೊರಗೆ ಕಾಣಿಸಿಕೊಂಡಿರಲಿಲ್ಲ. ಅಮ್ಮ ಇರುವ ಮನೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ. ನಾನು ಕೇಳಿದಾಗ ನೆಗಡಿ ಎಂದಿದ್ದಳು. ಮೂಗು ಸುರಿಯದ ನೆಗಡಿ. ಅವಳ ಗುಟ್ಟು ಹೀಗೆ ಮೂಗಿಗೆ ಹತ್ತಿದ ಮೇಲೆ ನನ್ನ ಗುಟ್ಟೂ ಅವಳ ಮೂಗಿಗೆ ಹತ್ತುತ್ತದಲ್ಲ ಎಂಬ ಭಯವಾಯಿತು. ಅದಕ್ಕೆ ನಾನೇನು ಮಾಡಿದೆ ಗೊತ್ತೇ? ಮಗುವನ್ನು ಒಳಕೋಣೆಗೆ ಹಾಕಿ, ಬೆಳಿಗ್ಗೆ ಮಧ್ಯಾಹ್ನ ಸಂಜೆ ಮೂರು ಹೊತ್ತೂ ಕಿಟಕಿ ತೆರೆದು, ಸಾಸಿವೆ ಕರಿಬೇವು ಇಂಗು ಹಾಕಿ ಚಟಪಟ ಎನಿಸಿದೆ. ಅತ್ತೆಯವರು ಅಮ್ಮನಿಗೆ ಸಿಟ್ಟು ಬರುತ್ತದೆ ಎಂದು ಅತ್ತು ಆ ಸಾರನ್ನು ಮುಟ್ಟಲಿಲ್ಲ. ಬರಿ ಮಜ್ಜಿಗೆ ಅನ್ನ ಉಂಡರು. ನಾನು ಬಿ.ಎ. ಓದಿದವಳು, ಬೀದಿಗೆ ವಾಸನೆ ತೋರಿಸಲು ಒಲೆಯ ಮುಂದೆ ನಿಂತಿದ್ದೆ.

ಇವತ್ತು ಬೆಳಿಗ್ಗೆ ಗಂಗಕ್ಕ ಹಿತ್ತಲ ಬೇಲಿಯ ಹತ್ತಿರ ಬಂದು ನಿಂತಳು. ಹಾಲು ಬೇಕಾ ಎಂದು ಶುರು ಮಾಡಿ, ಕೂಸು ಎಲ್ಲಿ ಎಂದು ಕೇಳಿ, ನಾನು ಮಲಗಿದೆ ಎಂದಾಗ ಮೆಲ್ಲಗೆ ನಕ್ಕಳು. ‘ಏನವ್ವ, ಮೂರು ದಿನದಿಂದ ನಿಮ್ಮನೇಲಿ ಹೊತ್ತು ಹೊತ್ತಿಗೂ ಸಾಸಿವೆ ಸಿಡಿತೈತೆ. ಇರಾದು ಇಬ್ರು ಹೆಂಗಸ್ರು. ಯಾರ ಮೂಗಿಗೆ ಈ ಒಗ್ಗರಣೆ?’ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಜನವರಿಯಲ್ಲಿ ನಿಮ್ಮ ಮನೆಯಲ್ಲಿ ಸಾಸಿವೆ ತೀರಿಹೋಗಿತ್ತೇ ಎಂದು ಕೇಳಿಬಿಟ್ಟೆ. ಅವಳು ಬೇಲಿಯ ಕಡ್ಡಿಯೊಂದನ್ನು ಮುರಿದಳು. ಆಮೇಲೆ ಹೌದು, ನಿಂಗಿಗೆ ಬಂದಿತ್ತು ಎಂದಳು. ನೀವು ಆಗ ಊರಲ್ಲೇ ಇದ್ದಿರಂತೆ, ನಿಮಗೆ ತಿಳಿದರೆ ಮಗಳನ್ನು ಜೀಪಿನಲ್ಲಿ ಹಾಕಿಕೊಂಡು ದುರ್ಗದ ಆಸ್ಪತ್ರೆಗೆ ಒಯ್ದು ಬೇರೆ ಇಡುತ್ತೀರಿ ಎಂದು ಹೆದರಿ ಬಾಯಿ ಬಿಡಲಿಲ್ಲವಂತೆ. ನಾನು ಅವಳನ್ನು ಸಸ್ಪೆಕ್ಟ್ ಮಾಡಿದ್ದು ಸರಿಯಾಗಿತ್ತು. ಆದರೆ ಗೆದ್ದಂತೆ ಅನ್ನಿಸಲಿಲ್ಲ. ಏಕೆಂದರೆ ಹಿಂದೆಯೇ ಅವಳು ಹೇಳಿದ ಮಾತು ಇದು: ‘ನಿಂಗೀಗೆ ಬಂದಿದ್ದು ಚಿಕ್ಕಮ್ಮ ಕಣವ್ವ, ದೊಡ್ಡಮ್ಮ ಅಲ್ಲ. ಹೋದ ವರ್ಷ ನೀವೇ ಬೈದು ದಾಕು ಹಾಕ್ಸಿದ್ರಲ್ಲ, ದೊಡ್ಡಮ್ಮ ಹೆಂಗೆ ಬಂದಾಳು? ನಿಮ್ಮ ಮಗೀಗೂ ಹಾಕ್ಸೀರಲ್ಲ. ಮತ್ಯಾಕೆ ಹಿಂಗೆ ಹೆದರ್ಕಂಡು ಸಾಯ್ತೀರಿ?’

ನಾನು ಇಂಗ್ಲಿಷ್ ಪುಸ್ತಕದಲ್ಲಿ ನಾಲ್ಕು ದಿನ ಹುಡುಕಿದ ವ್ಯತ್ಯಾಸ ಅವಳ ಬಾಯಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ನಾಚಿಕೆಯಾಯಿತು. ಅವಳ ಕೊನೆಯ ಪ್ರಶ್ನೆಗೆ ಹೆತ್ತ ಕರುಳು ಕೇಳಬೇಕಲ್ಲ ಎಂದು ಏನೋ ಹೇಳಿ ಒಳಗೆ ಬಂದೆ. ನಿಂಗಿಯಿಂದ ತಗುಲಿದ್ದಾದರೆ ಇದು ಚಿಕ್ಕಮ್ಮನೇ, ಇನ್ನೊಂದು ವಾರದಲ್ಲಿ ಅವನು ಮತ್ತೆ ಹೊಸ್ತಿಲು ದಾಟಿ ಓಡಲು ನೋಡುತ್ತಾನೆ. ನಿಮ್ಮ ಕೋಟಿನಿಂದ ತಗುಲಿದ್ದಾದರೆ ಬರೆಯಲಾರೆ. ನಿಮ್ಮ ಬಟ್ಟೆಯ ವಿಷಯ ಒಂದು ಸಾಲು ನಿಜ ಬರೆಯಿರಿ. ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಹೊಟ್ಟೆಗೆ ಓಮದ ನೀರು ಕುಡಿಯಲು ಹೇಳಿದ್ದಾರೆ. ಸಿದ್ದು ನಿಮ್ಮ ಫೋಟೋ ತೋರಿಸಿದರೆ ಈಗಲೂ ಕೈ ನೀಡುತ್ತಾನೆ. ನಿಮ್ಮ ಮೈ ನೋಡಿಕೊಳ್ಳಿ.

ಇಂತಿ ನಿಮ್ಮ
ಏಕಾಂತಮ್ಮ

ವಿ.ಸೂ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಸಿದ್ದುವಿನ ತೋಳಿನಲ್ಲಿ ದಾಕಿನ ಗುರುತು ಇಲ್ಲ. ನಾನು ಹಾಕಿಸಲೇ ಇಲ್ಲ. ಆಗಸ್ಟಿನಲ್ಲಿ ನೀವು ಹೊಸದುರ್ಗದ ಕಡೆ ಕೆಲಸದ ಮೇಲಿದ್ದಾಗ ದಾಕಿನವರು ಬಂದರು. ಅವನಿಗೆ ಭೇದಿಯಾಗಿ ಕೈಯಲ್ಲಿ ಹಿಡಿದರೆ ಬಟ್ಟೆಯಷ್ಟೇ ಭಾರವಿದ್ದ. ಹಿಂದಿನ ಬೀದಿಯ ಕೂಸಿನ ತೋಳು ಊದಿದ್ದನ್ನು ಕಣ್ಣಾರೆ ನೋಡಿ ಬಂದಿದ್ದೆ. ಮುಂದಿನ ವಾರ ಬನ್ನಿ ಎಂದೆ, ಅವರು ಬರಲಿಲ್ಲ, ಅಷ್ಟರಲ್ಲಿ ನಿಮಗೆ ಹಾಕಿಸಿದೆ ಎಂದು ಬರೆದಾಗಿತ್ತು. ನೀವು ಮನೆಗೆ ಬಂದಾಗಲೆಲ್ಲ ತುಂಬುತೋಳಿನ ಅಂಗಿ ತೊಡಿಸಿ, ದಾಕು ಚೆನ್ನಾಗಿ ಎದ್ದಿತ್ತು ಎಂದೆ. ನನ್ನ ಮಾತು ನಂಬಿ ನೀವು ದಾಕಿನ ರಿಜಿಸ್ಟರಿನಲ್ಲಿ ಅವನ ಹೆಸರನ್ನು ನಿಮ್ಮ ಕೈಯಾರೆ ಬರೆದಿರಿ. ಅದು ಬಯಲಾದರೆ ನಿಮ್ಮ ನೌಕರಿಗೆ ಏನಾಗುವುದೋ ಎಂದೇ ನಾಲ್ಕು ದಿನ ಡಾಕ್ಟರನ್ನು ಕರೆಸದೆ ಕೂತೆ. ಬೀದಿಯ ಮಕ್ಕಳಿಗೆಲ್ಲ ಬೈದು ಹಾಕಿಸಿದವಳು ನಾನೇ. ಇನ್ನು ಆಗುವುದಿಲ್ಲ. ಮಗುವನ್ನು ಬಸ್ಸಿನಲ್ಲಿ ಒಯ್ಯಬಾರದು ಎಂದು ಪುಸ್ತಕದಲ್ಲಿದೆ, ಆದ್ದರಿಂದ ದುರ್ಗದ ಡಾಕ್ಟರೇ ಮನೆಗೆ ಬರಲಿ ಎಂದು ಚೀಟಿ ಬರೆದೆ. ದಾಕು ಹಾಕಿಸಿಲ್ಲ, ನನ್ನ ಗಂಡನಿಗೂ ಸುಳ್ಳು ಹೇಳಿದ್ದೇನೆ, ರಿಜಿಸ್ಟರಿನ ತಪ್ಪು ನನ್ನದು ಎಂದು ಅದರಲ್ಲಿ ಹೆಸರು ಹಾಕಿ ಬರೆದಿದ್ದೇನೆ. ನಿಮ್ಮನ್ನು ಕೇಳಿದರೆ ನೀವೂ ಹಾಗೆಯೇ ಹೇಳಿ, ನನ್ನನ್ನು ಕಾಯಲು ಹೋಗಬೇಡಿ. ಚೀಟಿ ಒಯ್ಯಲು ಕರೆದಾಗ ಗಂಗಕ್ಕ ಬಂದಳು. ಏನು ಬರೆದೀರಿ ಎಂದು ಕೇಳಿದಳು. ಅವಳಿಗೆ ಓದು ಬಾರದು, ಏನು ಬೇಕಾದರೂ ಹೇಳಬಹುದಿತ್ತು. ಇದ್ದದ್ದನ್ನು ಇದ್ದಂತೆ ಓದಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡಳು. ಕಿಟಕಿಯಿಂದ ನೋಡುತ್ತಿದ್ದೇನೆ, ಬಸ್ಸು ಹಿಡಿಯಲು ಮುಖ್ಯರಸ್ತೆಯ ತನಕ ಓಡಿಯೇ ಹೋದಳು.