ಇಂದೇ ನೋಡಿರಿ, ಎರಡೇ ಆಟ!

ಕುರುಗೋಡು, ೨೧-೨-೧೯೮೪, ಮಂಗಳವಾರ

ನಾನು ಬಳ್ಳಾರಿಯಲ್ಲಿ ಮೈಕು ಹಿಡಿದರೆ ಸಿರುಗುಪ್ಪದಲ್ಲಿ ಮಲಗಿದ ಎಮ್ಮೆ ಎದ್ದು ನಿಲ್ಲುತ್ತದೆ. ಅಂಥ ಬಾಯಿಯೇ ಇವತ್ತು ಕೈಕೊಟ್ಟಿತು.

ದಂಧೆ ಮಾಡುವ ಹೆಂಗಸರ ಸಂಘದ ಸಭೆಗೆ ಜಟಕಾದಲ್ಲಿ ಕೂತು ಊರೆಲ್ಲ ಸಾರಿದೆ. ‘ಅವರೂ ಮನುಷ್ಯರೇ, ಸುಮ್ಮಸುಮ್ಮನೆ ಹೊಡೆಯುವ ಹಕ್ಕು ಪೊಲೀಸರಿಗೂ ಇಲ್ಲ!’ ಎಂದೆ. ಟೆಂಟ್ ಸಿನಿಮಾಕ್ಕೆ ಸಾರಿ ಸಾರಿ ಪಳಗಿದ ನಾಲಿಗೆ ನೋಡು, ‘ಇಂದೇ ನೋಡಿರಿ, ಎರಡೇ ಆಟ!’ ಎಂದೂ ಸೇರಿಸಿಬಿಟ್ಟಿತು.

ಸಂಜೆ ಚಾಪೆ, ಕೂಸು, ಶೇಂಗಾ ಸಮೇತ ಊರೇ ಬಂತು.

“ಉಚ್ಚಂಗೆಪ್ಪ ಮಾವ, ಪರದಿ ಎಲ್ಲೈತಿ?”

ನಾನು ಮೈಕಿನಲ್ಲಿ ‘ಹಲೋ, ಹಲೋ’ ಎಂದಷ್ಟೇ ಕೂಗಿದೆ. ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರಿಂದ ಪೆಟ್ಟು ತಿಂದ ಸಂಘದ ಸತ್ಯಮ್ಮ ಮೈಕು ಕಿತ್ತುಕೊಂಡಳು. ‘ನೀನು ಬಾಯಿ ತೆರೆದರೆ ಜನ ಎದ್ದು ಹೋಗುತ್ತಾರೆ’ ಎಂದು ಬೆಳಿಗ್ಗೆ ಅವಳ ಜೊತೆಗೇ ನಾನು ಪಂಥ ಕಟ್ಟಿದ್ದೆ.

“ಪರದಿ ಇಲ್ರಿ, ನಾನ ಅದೀನಿ, ಕುಂದರ್ರಿ. ಕತ್ತಲಾದ ಮ್ಯಾಲೆ ನಮ್ಮ ಬಾಗಿಲಿಗೆ ಬರೋರೂ ಇಲ್ಲೇ ಅದಾರ. ಹೆಸರು ಹೇಳಂಗಿಲ್ಲ, ಹೆದರಬ್ಯಾಡ್ರಿ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ಗಂಡಸರು ಏಳಲೇ ಇಲ್ಲ. ಎದ್ದವನೇ ಕಳ್ಳ ಎಂದಾಗುತ್ತದಲ್ಲ! ನಾನೂ ಕಂಬ ಹಿಡಿದು ಕೂತೆ.

“ಪೆಟ್ಟು ನನಗ ಬಿತ್ತು. ಜತಿಗಿದ್ದವ ಬೀಡಿ ಸೇದ್ಕೊಂತ ಹೋದ. ಇದು ಯಾವ ನ್ಯಾಯ್ರಿ?”

ಆಗ ಎದುರಿಗೆ ಕೂತಿದ್ದ ಮುದುಕಿ ಗುರುಬಸಮ್ಮ, “ಇನ್ನೊಮ್ಮೆ ಹಿಡಿದ್ರ ನಾನೂ ಠಾಣೇಕ ಬರ್ತೀನಿ ಬಿಡವ್ವ” ಎಂದಳು. ಅವಳ ಹಿಂದೆ ಇನ್ನೂ ನಾಲ್ಕೈದು ಕೈ ಎದ್ದವು. ಆ ಕೈ ಕಂಡು ನನ್ನ ಎದೆ ಉಬ್ಬಿತು, ಜನ ಸೇರಿಸಿದವನು ನಾನೇ ಅಲ್ಲವೇ!

ಸಂಘಕ್ಕೆ ಐದು ರೂಪಾಯಿ ಚಂದಾ ಕೊಟ್ಟೆ ಎಂದು ಮನೆಯಾಕೆಗೆ ಹೇಳಿದ್ದೇನೆ. ಪಂಥದಲ್ಲಿ ಹೋದದ್ದು ಐವತ್ತು.