ದಾಸವಾಳಕ್ಕೆ ಹಿಡಿದ ಕೊಡೆ

ಅಮ್ಮಾ,

ನೀನು ತೀರಿಹೋದ ಮೇಲೆ ನಮ್ಮ ತಂಪಿನ ಊರಿನಿಂದ ತಂದು ನೆಟ್ಟ ದಾಸವಾಳದ ಕಡ್ಡಿಗಳು ಚಿಗುರಿವೆ. ಇಲ್ಲಿಯ ಒಣ ಬಿಸಿಲು ಅಭ್ಯಾಸವಾಗಲೆಂದು ದಿನಕ್ಕಿಷ್ಟು ಹೊತ್ತು ಹೊರಗಿಡುತ್ತೇನೆ. ಇವತ್ತು ಒಳಗೆತ್ತಿಡುವುದನ್ನು ಮರೆತು ಕೆಲಸಕ್ಕೆ ಹೋಗಿಬಿಟ್ಟೆ.

ಮೈಕೈ ಸೋತು ಮನೆಗೆ ಬಂದರೆ, ಅಪ್ಪ ಕುಂಡಗಳ ಮೇಲೆ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅಂಗಿಯೆಲ್ಲ ಬೆವರು.

"ಒಳಗಿಡಬಾರದಿತ್ತಾ ಅಪ್ಪಾ?"

"ಸೊಂಟ ಬಗ್ಗಲ್ಲ ಕಣೆ, ಎತ್ತೋಕಾಗ್ಲಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ನಿಮ್ಮಮ್ಮನ್ನ ಒಂದೇ ಸಲಕ್ಕೆ ಈ ಬೇಸಿಗೆಗೆ ತಂದ್ವಿ. ಇವನ್ನಾದ್ರೂ ನಿಧಾನವಾಗಿ ಒಗ್ಗಿಸೋಣ."

ನಿನ್ನನ್ನು ಕರೆತರುವ ಹಟ ನನ್ನದಾಗಿತ್ತೆಂದು ಅವರು ಹೇಳಲಿಲ್ಲ.

ನಾನು ಕುಂಡಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದೆ. ಕೊನೆಯದು ಮುಗಿಯುವವರೆಗೂ ಅಪ್ಪ ಹಿಂದೆಯೇ ನಡೆದು, ನನ್ನ ತಲೆಗೆ ಕೊಡೆ ಹಿಡಿದರು.