ತೊಳೆದ ಡಬ್ಬಿ

ಅಕ್ಟೋಬರ್ 27, ಸೋಮವಾರ

ಮತ್ತೆ ಬಸ್ ಸ್ಟ್ಯಾಂಡ್. ಮೆಂಟರ್ ಅಂತ ಕಾಲೇಜು ನನಗೆ ಒಪ್ಪಿಸಿದ ಐದು ಜನ ಹೊಸ ಹುಡುಗರಲ್ಲಿ ಮಾಳಿಂಗನಿಗೆ ಮಾತ್ರ ದಿನಾ ಊರಿಂದ ಬುತ್ತಿ. ಕಮಲಾಪುರದಲ್ಲಿ ಅವನವ್ವ ದುಂಡಮ್ಮ ಕಟ್ಟಿದ ಡಬ್ಬಿ ಬಸ್ಸು ಹತ್ತುತ್ತದೆ, ಕಂಡಕ್ಟರ್ ಚಾಂದಪಾಶಾ ಇಲ್ಲಿ ಕಿಟಕಿಯಿಂದ ಇಳಿಸುತ್ತಾನೆ. ಸಂಜೆ ಖಾಲಿ ಡಬ್ಬಿ ಅದೇ ದಾರಿಯಲ್ಲಿ ವಾಪಸ್. ಟಿಕೆಟ್ ಇಲ್ಲ, ರಸೀದಿ ಇಲ್ಲ, ಇವತ್ತಿನ ತನಕ ಒಂದೂ ಕಳೆದಿಲ್ಲ.

ಹುಡುಗ ಡಬ್ಬಿ ಹಿಡಿದು ಅಲ್ಲೇ ನಿಂತ, ಕಾಲೇಜಿನ ಕಡೆ ಹೊರಡಲಿಲ್ಲ. ದೀಪಾವಳಿ ಮುಗಿಸಿ ಬಂದಾಗಿನಿಂದ ಹೀಗೇ.

"ಕ್ಲಾಸಿಗಿ ಹೋಗಿಲ್ಲೇನು?"

"ಹೋಗಿದ್ದೆಣ್ಣಾ. ನೀ ಹೇಳಿದ್ರ ಎಲ್ಲಾ ತಿಳೀತದ. ಅಲ್ಲಿ ಕುಂತ್ರ ಏನೂ ತಿಳಿಯಂಗಿಲ್ಲ. ಸರ್ ಇಂಗ್ಲಿಷಿನಾಗ ಏನರ ಅಂತಾರ, ಎಲ್ಲಾರೂ ನಗ್ತಾರ. ನಾನೂ ನಗ್ತೀನಿ."

ಪರೀಕ್ಷೆ ತನಕ ತಡಿ ಅಂದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ರೇಟು ಕೂಗಿ ಕೂಗಿ ಎಂ.ಕಾಂ. ತನಕ ಬಂದವ ನಾನು ಅಂದೆ. ಚಹಾ ಆರುವ ತನಕ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಪಕ್ಕದ ಬೆಂಚಿನ ಅಜ್ಜ ಕೂಡ ಕೇಳಿಸಿಕೊಂಡ. ಮಾಳಿಂಗ ತಲೆ ಅಲ್ಲಾಡಿಸಿದ.

ನವೆಂಬರ್ 3, ಸೋಮವಾರ

ಮಾಳಿಂಗ ರೂಮಿನಲ್ಲಿಲ್ಲ. ಹಾಸಿಗೆ ಮಡಚಿಟ್ಟು ಹೋಗಿದ್ದಾನೆ. ಮಧ್ಯಾಹ್ನ ಹೈದರಾಬಾದಿನಿಂದ ಫೋನ್ — ಅಪಾರ್ಟ್‌ಮೆಂಟುಗಳಿಗೆ ಲಿಫ್ಟ್ ಕೂಡಿಸುವ ಕೆಲಸಕ್ಕೆ ಸೇರಿದ್ದಾನಂತೆ.

"ಮನ್ಯಾಗ ಹೇಳಬ್ಯಾಡಣ್ಣಾ. ಅಪ್ಪಗ ತಿಳಿದ್ರ ಮಲ್ಲಿಕಾಂದು ಮುಗೀತು."

ಅದು ಖರೆ. ಆಗಸ್ಟಿನ ಓರಿಯೆಂಟೇಷನ್ನಿಗೆ ಅವನಪ್ಪ ನಾಗಣ್ಣ ಮಗಳನ್ನೂ ಕರಕೊಂಡು ಬಂದಿದ್ದ. ಕಮಲಾಪುರದ ಹೈವೇ ಮೇಲೆ ಕೆಂಪು ಬಾಳೆಹಣ್ಣಿನ ಅಂಗಡಿ ಅವನದು. ಮಾಳಿಂಗನ ತಂಗಿ ಮಲ್ಲಿಕಾ ಈಗ ಪಿಯುಸಿ ಎರಡನೇ ವರ್ಷ. ಅವತ್ತು ಲೈಬ್ರರಿ ಬಾಗಿಲು ಬಿಟ್ಟು ಕದಲಲಿಲ್ಲ. ನಾಗಣ್ಣ ಎಲ್ಲರೆದುರು ಹೇಳಿದ: "ಇಂವ ಇಲ್ಲಿ ನಿಂತ್ರ ಮುಂದಿನ ವರ್ಷ ಇಕಿನ್ನೂ ಕಳಸ್ತೀನಿ. ಗಂಡಮಗಾನೇ ನಿಲ್ಲಲಿಲ್ಲಂದ್ರ ಹೆಣ್ಮಗಳನ್ನ ಯಾವ ಭರೋಸಾದ ಮ್ಯಾಲ ಕಳಸೋದ್ರಿ?"

ನಾನು ಎದೆ ಮುಟ್ಟಿಕೊಂಡೆ. "ಕಾಕಾ, ಜಿಮ್ಮೇದಾರಿ ನಂದು."

ಪುಕ್ಕಟೆ ಹೇಳಿದ್ದಲ್ಲ. ಐವರೂ ಮೊದಲ ಪರೀಕ್ಷೆಗೆ ಕೂತರೆ ಮೆಂಟರಿಗೆ ಹಾಸ್ಟೆಲ್ ರೂಮು ಉಳಿಯುತ್ತದೆ. ಒಬ್ಬ ಕಡಿಮೆಯಾದರೂ ಇಲ್ಲ. ಸ್ಕೀಮು ನೋಡಿಕೊಳ್ಳುವ ಕಲ್ಯಾಣಪ್ಪ ಸರ್ ಈ ವಿಷಯದಲ್ಲಿ ಗಟ್ಟಿ.

ಡಬ್ಬಿ ಬೆಳಿಗ್ಗೆಯೇ ಬಂದಿತ್ತು. ತುಂಬಿದ ಡಬ್ಬಿ ವಾಪಸ್ ಹೋದರೆ ಸಂಜೆಯೊಳಗೆ ಎಲ್ಲ ಬಯಲು. ಕೂತು ಉಂಡೆ. ಜೋಳದ ರೊಟ್ಟಿ, ಪುಂಡಿಪಲ್ಯ. ಡಬ್ಬಿ ತೊಳೆದೆ, ತಳಕ್ಕೆ ಒಂದು ಚಿಟಿಕೆ ಸಕ್ಕರೆ ಹಾಕಿದೆ — ಖಾಲಿ ಪಾತ್ರೆ ತಿರುಗಿ ಕೊಡಬಾರದು ಅಂತ ನಮ್ಮವ್ವ ಕಲಿಸಿದ್ದು. ಬಸ್ಸಿಗಿಟ್ಟೆ.

ಒಂದು ವಾರ ಅಷ್ಟೆ. ಬಂದೇ ಬರುತ್ತಾನೆ.

ನವೆಂಬರ್ 7

ಹೊಸ ಕೆಲಸ ಅಂಟಿಕೊಂಡಿತು. ಅವ್ವ ಮಗನಿಗೆ ಫೋನ್ ಮಾಡಿ ಪಲ್ಯ ಹೇಗಿತ್ತು ಅಂತ ಕೇಳುತ್ತಾಳೆ. ಅದಕ್ಕೂ ಮೊದಲು ಮಗ ನನಗೆ ಫೋನ್ ಮಾಡುತ್ತಾನೆ. ನಿನ್ನೆಯ ಮಾತು:

"ಇವತ್ತ ಏನಿತ್ತಣ್ಣಾ?"

"ಬ್ಯಾಳಿ. ಮೆಂತ್ಯಪಲ್ಯ ಹಾಕ್ಯಾರ. ಉಪ್ಪು ಜರಾ ಹೆಚ್ಚಾಗ್ಯದ."

"ಉಪ್ಪಿಂದು ಹೇಳ್ಲೇನು?"

"ಹೇಳು. ಹೇಳಿದ್ರನೇ ಖರೆ ಅನಸ್ತದ."

ಇವತ್ತು ಉಪ್ಪು ಹದವಾಗಿತ್ತು. ಉಂಡು ಡಬ್ಬಿ ತೊಳೆದೆ.

ನವೆಂಬರ್ 19

ಭಾನುವಾರವೂ ಡಬ್ಬಿ ಬರುತ್ತದೆ. ಸೋದರಮಾವನ ಮಗಳ ಮದುವೆಗೆ ಹೋಗಲಿಲ್ಲ. ಅಲ್ಲಿ ಊಟ ಮಾಡಿದರೆ ಇಲ್ಲಿ ಯಾರು ಮಾಡಬೇಕು? ಮೊನ್ನೆ ಜ್ವರ ಬಂತು. ರೂಮಿನ ಜೊತೆಗಾರ ಕಾಮ್ರಾನ್‌ಗೆ ವಿಷಯ ಹೇಳಿ ಡಬ್ಬಿ ದಾಟಿಸಿದೆ. ಅವನು ಚೊಕ್ಕಟ ಉಂಡು, ಕೈ ತೊಳೆದು, ಆಮೇಲೆ ಹೇಳಿದ:

"ಭಾಯಿ, ಮೆಂಟರ್ ಅಂದ್ರ ಹುಡುಗನ್ನ ನೋಡ್ಕೋಬೇಕು. ನೀ ಅವನ ರೊಟ್ಟಿ ನೋಡ್ಕೊಳ್ಳಾಕತ್ತಿ."

ಇವತ್ತು ಕಲ್ಯಾಣಪ್ಪ ಸರ್ ಕಾರಿಡಾರಿನಲ್ಲಿ ನಿಲ್ಲಿಸಿದರು. "ಶಿವಲಿಂಗ, ನಿಂದೊಬ್ಬ ಹುಡುಗ ಕ್ಲಾಸಿನಾಗ ಕಾಣವಲ್ಲ?"

"ಜ್ವರ ಅದರಿ ಸರ್."

ಜ್ವರ ಇದ್ದದ್ದು ಖರೆ. ಯಾರಿಗೆ ಅಂತ ಅವರು ಕೇಳಲಿಲ್ಲ.

ಡಿಸೆಂಬರ್ 2, ಮಂಗಳವಾರ

ದುಂಡಮ್ಮ ಫೋನ್ ಮಾಡಿದಳು. ನನಗೇ. ಆಗಸ್ಟಿನಲ್ಲಿ ಯಾವಾಗ ಬೇಕಾದರೂ ಮಾಡಿ ಅಂತ ನಂಬರು ಹಂಚಿದವನು ನಾನೇ.

"ತಮ್ಮಾ, ರೊಟ್ಟಿ ಸಾಲ್ತಾವೇನು?"

"ಮಾಳಿಂಗ ಆರಾಮ ಉಣ್ಣಾಕತ್ತಾನ್ರಿ ಅವ್ವಾರ..."

"ಅವಂದು ಕೇಳಿಲ್ಲ. ನಿಂದು ಕೇಳ್ದೆ."

ಮೆಸ್ಸಿನ ಊಟದ ಬಗ್ಗೆ ಏನೋ ಶುರು ಮಾಡಿದೆ, ಅವಳು ನಡುವೆಯೇ ತಡೆದಳು.

"ನನ್ನ ಮಗ ಡಬ್ಬಿ ತೊಳದವ ಅಲ್ಲ. ಅದಕ್ಕ ಸಕ್ಕರಿ ಬ್ಯಾರೆ ಹಾಕ್ತಾನೇನು? ಮೊದಲನೇ ದಿನಾನೇ ತಿಳೀತು, ಯಾರದೋ ಮಗ ಉಣ್ಣಾಕತ್ತಾನಂತ. ಅವನಾಗೇ ಹೇಳ್ಲಿ ಅಂತ ಇಷ್ಟ ದಿನ ಕುಂತೆ. ಎಲ್ಲಿದ್ದಾನ?"

ಹೇಳಿದೆ. ಹೈದರಾಬಾದ್, ಲಿಫ್ಟ್, ಎಲ್ಲ. ಆ ಕಡೆ ಕುಕ್ಕರ್ ಕೂಗಿತು. ಅವಳು ಅದನ್ನು ಇಳಿಸಿ ಬಂದಳು.

ಬೈಗುಳಕ್ಕೆ ತಯಾರಾಗಿದ್ದೆ. ಒಂಥರಾ ಹಗುರವೂ ಆಗಿತ್ತು — ಇನ್ನು ಮುಗಿಯಿತು, ನಾಳೆಯಿಂದ ಮೆಸ್ಸಿನ ಅನ್ನ.

"ಉಣ್ಣೋದು ಬಿಡಬ್ಯಾಡ ತಮ್ಮಾ," ಅಂದಳು. "ಡಬ್ಬಿ ನಿಂತ್ರ ಇವರು ಯಾಕಂತ ಕೇಳ್ತಾರ. ದಿನಾ ಬಸ್ಸಿಗಿ ಇವರೇ ಒಯ್ದು ಕೊಡ್ತಾರ. ಮಲ್ಲಿದು ಅಡ್ಮಿಷನ್ ಆಗೋತನಕ ನಡಸು."

"ಅದು ಜೂನಿಗ್ರಿ ಅವ್ವಾರ."

"ಹೂಂ. ಬದನಿಕಾಯಿ ನಡೀತದಲ್ಲ ನಿನಗ?"

ಡಿಸೆಂಬರ್ 10

ಈಗ ರೊಟ್ಟಿ ಎರಡು ಹೆಚ್ಚು. ಎಣ್ಣೆಗಾಯಿ. ಶೇಂಗಾ ಚಟ್ನಿಪುಡಿ ಬೇರೆ ಪೊಟ್ಟಣದಲ್ಲಿ. ಗಂಡನಿಗೆ ಹೇಳಬಾರದ ಸುಳ್ಳನ್ನು ಅವಳು ಕಟ್ಟುತ್ತಾಳೆ, ಗೊತ್ತಿಲ್ಲದೆ ಅವನು ಹೊತ್ತು ಬಸ್ಸಿಗಿಡುತ್ತಾನೆ, ನಾನು ಉಣ್ಣುತ್ತೇನೆ. ಪ್ಯಾಂಟು ಬಿಗಿಯಾಗಿದೆ.

ಮಾಳಿಂಗನಿಗೆ ಪರೀಕ್ಷೆಗಾದರೂ ಬಾ ಅಂದೆ. "ಇಲ್ಲಣ್ಣಾ. ಇಲ್ಲಿ ಮೇಸ್ತ್ರಿ ಒಂದ ಸಲ ತೋರಸ್ತಾನ, ತಿಳೀತದ," ಅಂದ. ದನಿ ಚೆನ್ನಾಗಿತ್ತು. ಅಕ್ಟೋಬರ್‌ನಲ್ಲಿ ಅವನ ದನಿ ಹೀಗಿರಲಿಲ್ಲ.

ಕಲ್ಯಾಣಪ್ಪ ಸರ್ ಬಾಗಿಲ ತನಕ ಹೋದೆ. ಹೇಳಿಬಿಡೋಣ ಅಂತಲೇ ಹೋದದ್ದು. ಒಳಗೆ ಯಾರಿಗೋ ಹೇಳುತ್ತಿದ್ದರು: "ಶಿವಲಿಂಗನ ಹಂಗ ಇರ್ಬೇಕು ಮೆಂಟರ್ ಅಂದ್ರ. ಹುಡುಗರ ಊಟದ ಡಬ್ಬಿ ಸೈತ ತಾನೇ ಹೋಗಿ ತರ್ತಾನ."

ಬಸ್ಸಿನ ಹೊತ್ತಾಗಿತ್ತು. ಹೊರಟುಬಂದೆ.

ಡಿಸೆಂಬರ್ 17, ಬುಧವಾರ

ನಾಗಣ್ಣನ ಫೋನ್.

"ಶಿವಲಿಂಗಪ್ಪಾರ, ನಾಡದು ಎಳ್ಳಮಾಸಿ ಹಬ್ಬ. ಹೊಲದಾಗ ಊಟ. ಫೋನಿನಾಗ ಕರದ್ರ ಮಗ ಪರೀಕ್ಷಾ ಅದ, ಓದ್ಬೇಕಂತಾನ. ನಾಳಿ ನಾನೇ ಬಂದು ಕರಕೊಂಡು ಹೋಗ್ತೀನಿ. ಮಲ್ಲಿನೂ ಬರ್ತಾಳ, ಮತ್ತೊಮ್ಮೆ ಕಾಲೇಜು ನೋಡ್ಬೇಕಂತ ಜೀವಾ ತಿನ್ನಾಕತ್ತಾಳ."

"ಬರ್ರಿ ಕಾಕಾ," ಅಂದೆ. ಬೇರೆ ಏನು ಅನ್ನಲಿ.

ಮಾಳಿಂಗನ ಫೋನ್ ಸ್ವಿಚ್ ಆಫ್. ದುಂಡಮ್ಮ ಎತ್ತಿದಳು, ಪಿಸುಗುಟ್ಟಿದಳು: "ಇಲ್ಲೇ ಕುಂತಾರ. ಏನರ ಹೇಳು ತಮ್ಮಾ. ನೀ ಮಾತಾಡಾವ." ಇಟ್ಟಳು.

ಡಿಸೆಂಬರ್ 18, ಬಸ್ ಸ್ಟ್ಯಾಂಡ್, ಬೆಳಿಗ್ಗೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬಸ್ ಇನ್ನೂ ಬಂದಿಲ್ಲ.

ಸುಳ್ಳುಗಳು ತಯಾರಿವೆ. ಸ್ಟಡಿ ಟೂರ್. ಬೀದರಿನಲ್ಲಿ ಎನ್ನೆಸ್ಸೆಸ್ ಕ್ಯಾಂಪ್. ಎರಡೂ ನಡೆಯುವಂಥವೇ. ಆದರೆ ಒಂದು ಹೇಳಿದರೆ ಜೂನ್ ತನಕ ಹೇಳುತ್ತಲೇ ಇರಬೇಕು. ನಡುವೆ ಯಾವತ್ತೋ ನಾಗಣ್ಣನಿಗೆ ಬೇರೆಯವರಿಂದ ತಿಳಿದರೆ, ಮಗ ಓಡಿಹೋದ ಅನ್ನುವುದಷ್ಟೇ ಉಳಿಯುತ್ತದೆ. ಬೆಲೆ ಮಲ್ಲಿಕಾ ಕಟ್ಟಬೇಕು.

ಇನ್ನೊಂದು ದಾರಿ. ಹುಡುಗ ಓಡಿಹೋಗಲಿಲ್ಲ, ನಾನು ಹಿಡಿದುಕೊಳ್ಳಲಿಲ್ಲ. ಪಾಠ ತಿಳಿಯುವುದಿಲ್ಲ ಅಂತ ಇದೇ ಬೆಂಚಿನ ಹತ್ತಿರ ನಿಂತು ಹೇಳಿದ್ದ. ಆಗ ಕೈ ಹಿಡಿದು ಅವನ ಸರ್ ಹತ್ತಿರ ಕರೆದೊಯ್ಯಬೇಕಿತ್ತು, ನನ್ನ ಕಥೆ ಹೇಳಿ ಕಳಿಸಿದೆ. ತಪ್ಪು ಮೆಂಟರದು, ಮಗಳಿಗೆ ಬೇರೆ ಮೆಂಟರ್ ಕೊಡಿಸುತ್ತೇನೆ — ಇಷ್ಟು ಹೇಳಿದರೆ ರೂಮು ಹೋಗುತ್ತದೆ. ಹೋಗಲಿ. ಅವಳ ಓದು ಉಳಿದೀತು. ಉಳಿಯದೆಯೂ ಹೋದೀತು, ನಾಗಣ್ಣ ಯಾವ ಕಡೆ ತೂಗುತ್ತಾನೋ.

ಇದನ್ನೇ ಹೇಳುತ್ತೇನೆ. ಹೇಳಲೇಬೇಕು.

ಬಸ್ ಬಂತು. ಚಾಂದಪಾಶಾ ಇವತ್ತು ಕಿಟಕಿಯಿಂದ ಕೈ ಚಾಚಲಿಲ್ಲ. ಮಲ್ಲಿಕಾ ಮೊದಲು ಇಳಿದಳು, ಇಸ್ತ್ರಿ ಮಾಡಿದ ಚೂಡಿದಾರ. ಹಿಂದೆ ನಾಗಣ್ಣ, ಹೆಗಲಿಗೆ ಹೊಸ ಟವೆಲ್. ಎರಡೂ ಕೈಯಲ್ಲಿ ಒಂದೊಂದು ಡಬ್ಬಿ. ನನ್ನನ್ನು ನೋಡಿ ಒಂದನ್ನು ಮೇಲೆತ್ತಿ ನಗುತ್ತಿದ್ದಾನೆ. ಜನರ ನಡುವಿನಿಂದಲೇ ಕೂಗಿದ —

"ಶಿವಲಿಂಗಪ್ಪಾರ, ಇದು ನಿಮಗಂತ ಬ್ಯಾರೆ ಕಟ್ಟಿಸೀನಿ. ಎಲ್ಲಿದ್ದಾನ ನಿಮ್ಮ ಹುಡುಗ?"

ಏಳುತ್ತೇನೆ. ಮೊದಲ ಮಾತು ಇದು: "ಕಾಕಾ, ತಪ್ಪು ನಂದು."